ನೆರಳಿನಲ್ಲಿ ಒಣಗಿದ ಮಣ್ಣು

ನಾನು ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ರೈತರಿಗೆ ಹಂಚುವ ಕರಪತ್ರ ಬರೆಯುವುದೂ ನನ್ನದೇ ಕೆಲಸ. 2015ರಲ್ಲಿ, ಹೊಲದ ಮಣ್ಣು ಪರೀಕ್ಷಿಸಿ ಫಲಿತಾಂಶ ಬರೆದುಕೊಡುವ ಮಣ್ಣು ಆರೋಗ್ಯ ಚೀಟಿ ಯೋಜನೆ ಶುರುವಾದ ಮೇಲೆ ನಮ್ಮಲ್ಲಿಗೆ ಮಣ್ಣಿನ ಪೊಟ್ಟಣಗಳು ಜಾಸ್ತಿ ಬರತೊಡಗಿದವು. ಮಣ್ಣು ಹೇಗೆ ತೆಗೆಯಬೇಕು ಅಂತ ಹೇಳುವ ಕರಪತ್ರವೂ ಬೇಕಾಯಿತು. ಬರೆದುಕೊಟ್ಟೆ. ಕಾಗುಣಿತ ತಪ್ಪಿರಲಿಲ್ಲ, ವ್ಯಾಕರಣ ತಪ್ಪಿರಲಿಲ್ಲ. ಚೆನ್ನಾಗಿದೆ ಅಂತಲೇ ಅಂದುಕೊಂಡಿದ್ದೆ.

ಒಂದು ದಿನ ರೈತರೊಬ್ಬರು ಹೊಂಗೆ ಮರದ ಬುಡದ ಮಣ್ಣು ತಂದರು. ಹೊಲದ ಮಣ್ಣು ಯಾಕೆ ತರಲಿಲ್ಲ ಎಂದು ಕೇಳಿದೆ. "ನೆರಳಲ್ಲಿ ಒಣಗಿದ ಮಣ್ಣು ತರಬೇಕು ಅಂತ ನೀವೇ ಬರ್ದಿದ್ದೀರಲ್ಲ ಸಾರ್" ಅಂದರು. ಕರಪತ್ರ ತೆಗೆದು ನೋಡಿದೆ. "ನೆರಳಿನಲ್ಲಿ ಒಣಗಿದ ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ತಲುಪಿಸತಕ್ಕದ್ದು" ಎಂದಿತ್ತು. ಅವರು ಸರಿಯಾಗಿಯೇ ಓದಿದ್ದರು. ಹೊಲದಿಂದ ತೆಗೆದ ಮಣ್ಣನ್ನು ಆಮೇಲೆ ನೆರಳಲ್ಲಿ ಹರಡಿ ಒಣಗಿಸಬೇಕು ಅನ್ನುವುದು ನನ್ನ ತಲೆಯಲ್ಲಿತ್ತು, ವಾಕ್ಯದಲ್ಲಿ ಇರಲಿಲ್ಲ. ಅವರ ಒಂದು ದಿನದ ಕೂಲಿ, ಬಸ್ಸಿನ ದುಡ್ಡು ಎರಡೂ ನನ್ನ ಒಂದು ಸಾಲಿನಿಂದ ಹಾಳಾಯಿತು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಆ ಶನಿವಾರ ಕರಪತ್ರ ಹಿಡಿದುಕೊಂಡು ಊರಿಗೆ ಹೋದೆ. ಶಿರಾ ಹತ್ತಿರ ನಮ್ಮ ಚಿಕ್ಕಪ್ಪ ಕಡಲೆಕಾಯಿ ಬೆಳೆಯುತ್ತಾರೆ. ಓದಿ ಹೇಗಿದೆ ಹೇಳಿ ಎಂದೆ. ಓದಿದರು. "ಚೆನ್ನಾಗೈತೆ ಕಣ್ ಮಗಾ, ದೊಡ್ಡೋರು ಬರ್ದಂಗೈತೆ" ಎಂದರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ಆ ಮಾತಿನಿಂದ ಒಂದಕ್ಷರವನ್ನೂ ತಿದ್ದಲು ಆಗುವುದಿಲ್ಲ. ಹೇಗಿದೆ ಎಂದು ಕೇಳಿದರೆ ನಮ್ಮವರು ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ, ಅಲ್ವಾ? ಹಾಗಾಗಿ ಪ್ರಶ್ನೆಯನ್ನೇ ಬಿಟ್ಟೆ. "ಚಿಕ್ಕಪ್ಪ, ಇದರಲ್ಲಿ ಇರೋ ಹಾಗೇ ನಿಮ್ಮ ಹೊಲದ ಮಣ್ಣು ತೆಗೀರಿ, ನಾನು ಮಾತಾಡಲ್ಲ, ಸುಮ್ನೆ ನೋಡ್ತೀನಿ" ಎಂದೆ.

ಸುಮ್ಮನೆ ನಿಲ್ಲುವುದು ಕಷ್ಟವಾಯಿತು. ಅವರು ಗುದ್ದಲಿ ಹಿಡಿದು ಹೊಲದ ನಡುವೆ ನಿಂತರು, ಕಾಗದ ನೋಡಿದರು, ಮತ್ತೆ ನೋಡಿದರು, ಒಂದೇ ಕಡೆ ಮೊಣಕಾಲುದ್ದ ಗುಂಡಿ ತೋಡಲು ಹೊರಟರು. ಅವರು ಎಲ್ಲೆಲ್ಲಿ ನಿಂತು ಕಾಗದ ತಿರುಗಿ ನೋಡಿದರೋ ಅಲ್ಲೆಲ್ಲ ನನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ಒಂದು ಪುಟದಲ್ಲಿ ಹನ್ನೊಂದು ಗೆರೆ. ನನಗೆ ಸಿಕ್ಕ ಮೊದಲ ನಿಜವಾದ ಅಭಿಪ್ರಾಯ ಅದು.

ಅವರು ಮೊದಲು ನಿಂತ ಸಾಲು ಹೀಗಿತ್ತು: "ಮಾದರಿ ಸಂಗ್ರಹಣೆಯನ್ನು ಅಂಕುಡೊಂಕು ಮಾರ್ಗದಲ್ಲಿ 10ರಿಂದ 15 ಸ್ಥಳಗಳಲ್ಲಿ 15 ಸೆಂ.ಮೀ. ಆಳದವರೆಗೆ ಕೈಗೊಳ್ಳತಕ್ಕದ್ದು." ಇದರಲ್ಲಿ ನಡೆಯುವವರು ಯಾರು, ಅಗೆಯುವವರು ಯಾರು? ಯಾರೂ ಇಲ್ಲ. ನಾನು ಓದಿದ್ದೆಲ್ಲ ಇಂಗ್ಲಿಷ್ ಕೈಪಿಡಿಗಳು. ಅವುಗಳ ವಾಕ್ಯವನ್ನೇ ಕನ್ನಡದ ಅಕ್ಷರದಲ್ಲಿ ಬರೆದಿದ್ದೆ. ಈಗ ಅದು ಹೀಗಿದೆ: "ಹೊಲದ ತುಂಬಾ ಅಂಕುಡೊಂಕಾಗಿ ನಡೆಯಿರಿ. ಹತ್ತು ಹದಿನೈದು ಕಡೆ ನಿಲ್ಲಿ. ನಿಂತ ಕಡೆ ಮೇಲಿನ ಕಸಕಡ್ಡಿ ಸರಿಸಿ, ಆರು ಇಂಚು ಆಳದ ಗುಂಡಿ ತೆಗೆಯಿರಿ. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಹೆಬ್ಬೆರಳು ದಪ್ಪ ಮಣ್ಣು ಕೆತ್ತಿ ಬುಟ್ಟಿಗೆ ಹಾಕಿ." ಒಂದು ವಾಕ್ಯ ಇದ್ದದ್ದು ನಾಲ್ಕಾಯಿತು. ತಿದ್ದುವುದು ಅಂದರೆ ಕತ್ತರಿಸುವುದು ಅಂತ ಎಲ್ಲರೂ ಹೇಳುತ್ತಾರೆ, ನನಗೆ ಹಾಗಾಗಲಿಲ್ಲ. ಬಿಟ್ಟುಹೋದ ಮಾತನ್ನು ಹುಡುಕಿ ಸೇರಿಸುವುದೇ ಜಾಸ್ತಿ ಆಯಿತು.

ಬುಟ್ಟಿಯಲ್ಲಿ ಸೇರಿದ ಮಣ್ಣನ್ನು ಕಡಿಮೆ ಮಾಡುವ ಭಾಗವೂ ಅಷ್ಟೇ. "ನಾಲ್ಕು ಭಾಗಗಳಾಗಿ ವಿಂಗಡಿಸಿ" ಎಂದು ಬರೆದಿದ್ದಕ್ಕೆ ಹಿಂದೆ ಒಬ್ಬರು ನಾಲ್ಕು ಪೊಟ್ಟಣ ತಂದಿದ್ದರು. ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಬೆರೆಸಿ, ಅರ್ಧ ಕೆಜಿಗೆ ಬರುವವರೆಗೂ ಹೀಗೇ ಮಾಡಿ ಎಂದು ಬರೆಯಬೇಕು ಅನ್ನುವುದು ಚಿಕ್ಕಪ್ಪನ ಹೊಲದಲ್ಲಿ ನಿಂತಾಗಲೇ ಹೊಳೆದದ್ದು. ಯಾಕೆ ಚೆಲ್ಲಬೇಕು ಎಂದು ಅವರು ಕೇಳಿದರು. ಚೆನ್ನಾಗಿ ಬೆರೆಸಿದ ಮೇಲೆ ಯಾವ ಪಾಲಿನಲ್ಲೂ ಇಡೀ ಹೊಲದ ಮಣ್ಣು ಇರುತ್ತದೆ ಎಂದೆ. ಆ ಉತ್ತರವನ್ನೂ ಕರಪತ್ರಕ್ಕೆ ಸೇರಿಸಿದೆ.

ಅಲ್ಲಿಂದ ಈಚೆಗೆ ಬರೆದದ್ದನ್ನು ನಾನೇ ತಿದ್ದುವ ರೀತಿ ಬದಲಾಯಿತು. ಬರೆದ ದಿನ ತಿದ್ದುವುದಿಲ್ಲ. ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ಬೆಳಿಗ್ಗೆ ಕೇಳುತ್ತೇನೆ. ಉಸಿರು ಸಿಕ್ಕಿಕೊಳ್ಳುವ ಕಡೆ ವಾಕ್ಯವೂ ಸಿಕ್ಕಿಕೊಂಡಿರುತ್ತದೆ. ಕಣ್ಣು ದಾಟಿಸಿಬಿಡುವ ತಪ್ಪನ್ನು ಕಿವಿ ಬಿಡುವುದಿಲ್ಲ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನನಗೆ ಅಭ್ಯಾಸವಾಗಿರುವ ಮಾತುಗಳ ಪಟ್ಟಿ ಇದೆ: ತಕ್ಕದ್ದು, ಲಾಗುತ್ತದೆ, ಈ ನಿಟ್ಟಿನಲ್ಲಿ, ಪ್ರಮುಖ ಪಾತ್ರ ವಹಿಸುತ್ತದೆ. ಇವು ಕಂಡ ಕಡೆ ನಿಲ್ಲುತ್ತೇನೆ. "ಬೆಳೆಯ ಬೆಳವಣಿಗೆಯಲ್ಲಿ ಸಾರಜನಕವು ಪ್ರಮುಖ ಪಾತ್ರ ವಹಿಸುತ್ತದೆ" ಎಂದು ಎಷ್ಟು ಸಲ ಬರೆದಿದ್ದೇನೋ. ಅದನ್ನು ಓದಿ ರೈತರು ಏನು ಮಾಡಬೇಕು? "ಸಾರಜನಕ ಕಡಿಮೆಯಾದರೆ ಮೊದಲು ಕೆಳಗಿನ ಹಳೇ ಎಲೆಗಳು ಹಳದಿಯಾಗುತ್ತವೆ" ಅಂದರೆ ನಾಳೆ ಹೊಲಕ್ಕೆ ಹೋದಾಗ ನೋಡಬಹುದು. ಇಂಥ ಮಾತು ಎದುರಾದಾಗೆಲ್ಲ, ಇದರ ಹಿಂದೆ ನನಗೆ ನಿಜವಾಗಿ ಗೊತ್ತಿರುವುದೇನು ಎಂದು ಕೇಳಿಕೊಳ್ಳುತ್ತೇನೆ. ಒಂದೊಂದು ಸಲ ಏನೂ ಇರುವುದಿಲ್ಲ. ಆಗ ಇಡೀ ಸಾಲು ಹೋಗುತ್ತದೆ.

"ಮತ್ತು" ಕೂಡ ಪಟ್ಟಿಯಲ್ಲಿದೆ. ರಂಜಕ ಮತ್ತು ಪೊಟ್ಯಾಷ್ ಮತ್ತು ಸತು ಎಂದು ಯಾರೂ ಮಾತಾಡುವುದಿಲ್ಲ. ರಂಜಕವೂ ಬೇಕು, ಪೊಟ್ಯಾಷೂ ಬೇಕು ಅನ್ನುತ್ತೇವೆ.

ಭಾಷೆ ನೋಡಿಕೊಡಲು ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಸಿಕ್ಕರು. ಮೊದಲ ಲೇಖನ ಕೆಂಪು ಕೆಂಪಾಗಿ ವಾಪಸ್ ಬಂತು. ಬೇಜಾರಾಯಿತು, ಒಂದು ವಾರ ಮುಟ್ಟಲಿಲ್ಲ. ಆಮೇಲೆ ಕೂತು ನೋಡಿದರೆ ಅರ್ಧಕ್ಕಿಂತ ಹೆಚ್ಚು ಗೆರೆಗಳು ಒಂದೇ ಕಾಯಿಲೆಗೆ ಎಳೆದಿದ್ದವು. ಒಂದು ವಾಕ್ಯದಲ್ಲಿ ಮೂರು ಸಂಗತಿ ತುರುಕುತ್ತಿದ್ದೆ. ಅವರು ಹೇಳಿದ್ದನ್ನೆಲ್ಲ ನಾನು ಒಪ್ಪಿಕೊಂಡಿಲ್ಲ. "ಮಣ್ಣು ಪರೀಕ್ಷೆ" ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ್ದು, ಬೇಡ ಎಂದರು. ಸಂಸ್ಕೃತ, ಕನ್ನಡ ಎರಡನ್ನೂ ತಿಳಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಎಂದು 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಇದೆ ಎಂದು ತೋರಿಸಿದರು. ಓದಿ ಖುಷಿಯಾಯಿತು. ಆದರೆ ಶಿರಾದಿಂದ ಬೀದರ್‌ವರೆಗೆ ಎಲ್ಲರ ಬಾಯಲ್ಲೂ ಮಣ್ಣು ಪರೀಕ್ಷೆಯೇ ಇರುವಾಗ ನಾನು ಮೃತ್ತಿಕಾ ಪರೀಕ್ಷೆ ಅಂತ ಬರೆಯಲಾರೆ. ಅದನ್ನು ಉಳಿಸಿಕೊಂಡೆ, ಕಾರಣವನ್ನೂ ಅವರಿಗೆ ಹೇಳಿದೆ. ಅವರು ನಕ್ಕು ಬಿಟ್ಟುಕೊಟ್ಟರು. "ರಸಸಾರ" (pH, ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಅನ್ನುವುದನ್ನು ಮಾತ್ರ ನಾನೇ ಹಿಂದಕ್ಕೆ ತಳ್ಳಿದೆ. ಈಗ ಮೊದಲು ಹುಳಿ ಮಣ್ಣು, ಚೌಳು ಮಣ್ಣು ಎಂದು ಬರೆಯುತ್ತೇನೆ, ಹುಳಿಗೆ ಸುಣ್ಣ, ಕ್ಷಾರ ಜಾಸ್ತಿಯಾದ ಚೌಳಿಗೆ ಜಿಪ್ಸಂ ಎಂದು ಹೇಳಿ, ಆಮೇಲೆ ಚೀಟಿಯಲ್ಲಿ ಇದನ್ನೇ ರಸಸಾರ ಎಂದು ಬರೆದಿರುತ್ತಾರೆ ಅನ್ನುತ್ತೇನೆ. ಪದ ಹೊಸದಾದರೂ ಸಂಗತಿ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಈಗ ತೋಟದ ಬೆಳೆಗಳ ಕರಪತ್ರ ಬರೆಯುತ್ತಿದ್ದೇನೆ. ಅಲ್ಲಿ ಆರು ಇಂಚು ಸಾಲದು. ಒಂದಡಿ, ಎರಡಡಿ, ಮೂರಡಿ ಆಳದ ಮಣ್ಣನ್ನು ಬೇರೆ ಬೇರೆಯಾಗಿ ತೆಗೆಯಬೇಕು, ಒಂದಕ್ಕೊಂದು ಬೆರೆಯಬಾರದು. ಈ ಒಂದು ಮಾತನ್ನು ಆರು ಸಲ ಬರೆದಿದ್ದೇನೆ. ಇನ್ನೂ "ಬೇರೆ ಬೇರೆಯಾಗಿ" ಅನ್ನುವ ಕಡೆ ಅನುಮಾನ: ಬೇರೆ ಬೇರೆ ಗುಂಡಿಯೋ, ಬೇರೆ ಬೇರೆ ಚೀಲವೋ? ಚಿಕ್ಕಪ್ಪನಿಗೆ ಫೋನ್ ಮಾಡಿದ್ದೇನೆ. ಅವರ ಪಕ್ಕದ ಹೊಲದವರು ಮಾವಿನ ತೋಟ ಮಾಡಿದ್ದಾರಂತೆ. ಭಾನುವಾರ ಕಾಗದ, ಪೆನ್ಸಿಲು ತಗೊಂಡು ಹೋಗುತ್ತೇನೆ.