ಅಂಟು ಆರುವವರೆಗೆ ಕೀಸುಳಿ ಮುಟ್ಟಲಿಲ್ಲ

ಊಟದ ಮೇಜಿಗೆಂದು ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಿಂದ 6 ಇಂಚು ಅಗಲದ ಐದು ತೇಗದ ಹಲಗೆ ತಂದು, ಹನುಮಂತನಗರದ ನಮ್ಮ ಮನೆಯ ತಾರಸಿಯಲ್ಲಿ ಫೆವಿಕಾಲ್ ಹಚ್ಚಿ ಕ್ಲ್ಯಾಂಪ್ ಬಿಗಿದೆ. ಇದು ನನ್ನ ಎರಡನೇ ಮೇಜು. ಮೊದಲನೆಯದನ್ನು ಅಂಟಿಸಿದ ಮರುದಿನವೇ ಕೀಸಿ ಪಾಲಿಶ್ ಹೊಡೆದಿದ್ದೆ. ಎರಡು ವಾರದಲ್ಲಿ ಪ್ರತಿ ಜೋಡಣೆಯ ಉದ್ದಕ್ಕೂ ಬೆರಳಿಗೆ ಸಿಗುವಷ್ಟು ತಗ್ಗು ಬಿತ್ತು. ನಮ್ಮ ಬೀದಿಯ ಹಿರಿಯ ಬಡಗಿಯೊಬ್ಬರು ಅದನ್ನು ಸವರಿ ನೋಡಿ, “ಅಂಟು ಹಿಡಿದಿತ್ತು ಸ್ವಾಮಿ, ಆರಿರಲಿಲ್ಲ” ಎಂದರು. ಅಂಟಿನ ನೀರು ಕುಡಿದು ಹಲಗೆಯ ಅಂಚು ಉಬ್ಬಿರುತ್ತದೆ. ಆ ಉಬ್ಬನ್ನೇ ಕೀಸಿ ಸಮ ಮಾಡಿದರೆ, ನೀರು ಆರಿದ ಮೇಲೆ ಅಷ್ಟೂ ಕುಗ್ಗಿ ಕೆಳಗಿಳಿಯುತ್ತದೆ.

ಈ ಸಲ ಮಳೆಗಾಲ ಬೇರೆ. ಎರಡೂ ಮುಖಕ್ಕೆ ಗಾಳಿಯಾಡಲೆಂದು ರೀಪುಗಳ ಮೇಲಿಟ್ಟು ಐದು ದಿನ ಕಾದೆ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಲಿಲ್ಲ. ಹಾಗೆ ಒರೆಸಿದರೆ ಅದು ಮರದ ರಂಧ್ರಕ್ಕಿಳಿದು ಪಾಲಿಶ್ ಹಿಡಿಯದೆ ಕಲೆಯಾಗುತ್ತದೆ. ರಬ್ಬರಿನ ಹದಕ್ಕೆ ಬಂದಾಗ ಉಳಿಯಿಂದ ಎಬ್ಬಿಸಿದೆ.

ಮೇಜಿನ ಎರಡು ತುದಿಗೆ ಒಂದೊಂದು ನೇರ ಪಟ್ಟಿ ಇಟ್ಟು, ಬಗ್ಗಿ ಒಂದರ ಮೇಲಿಂದ ಇನ್ನೊಂದನ್ನು ನೋಡಿದೆ. ಒಂದು ಮೂಲೆ ಎದ್ದಿತ್ತು. ಮೈಯೆಲ್ಲ ಪೆನ್ಸಿಲ್ ಗೀಟು ಎಳೆದು, ಕೀಸುಳಿಯನ್ನು ಓರೆಯಾಗಿ ಒಮ್ಮೆ ಈ ಮೂಲೆಯಿಂದ, ಒಮ್ಮೆ ಆ ಮೂಲೆಯಿಂದ ಓಡಿಸಿದೆ. ಗೀಟು ಉಳಿದ ಕಡೆ ತಗ್ಗು; ಅದು ಅಳಿಯುವವರೆಗೆ ಸುತ್ತಲಿನದನ್ನೇ ಕೀಸಬೇಕು. ಕೊನೆಗೆ ಮರದ ನಾರಿನ ಎಳೆಯ ಉದ್ದಕ್ಕೆ, ಅಲಗನ್ನು ತೀರ ಕಡಿಮೆ ಹೊರಚಾಚಿ. ಮೂರನೇ ಹಲಗೆಯ ಎಳೆ ಎದುರಾಗಿ ಚಕ್ಕೆ ಏಳತೊಡಗಿತು; ಅದೊಂದನ್ನು ಎದುರು ತುದಿಯಿಂದ ಕೀಸಿದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಸಾಣೆಕಲ್ಲು ಪಕ್ಕದಲ್ಲೇ ಇರಲಿ.

ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿಯೇ ಉಜ್ಜಿದೆ: ಮೊದಲು 120 ನಂಬರಿನದು, ಆಮೇಲೆ 180; ನಂಬರು ಏರಿದಷ್ಟೂ ಕಾಗದ ನಯ. ಬರಿಗೈಯಲ್ಲಿ ಉಜ್ಜಿದರೆ ಮೆದು ಭಾಗ ಹೆಚ್ಚು ಸವೆಯುತ್ತದೆ. ಆಮೇಲೆ ಒದ್ದೆ ಬಟ್ಟೆ ಸವರಿ, ಆರಿ ನಾರು ಎದ್ದ ಮೇಲೆ 220ರಲ್ಲಿ ಹಗುರಾಗಿ. ಸಂಜೆ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಮೇಜಿನ ಮೈಗೆ ತಾಗಿಸಿ ಹಿಡಿದಾಗ, ಹಗಲಿನಲ್ಲಿ ಕಾಣದ ಎರಡು ಗೀರುಗಳು ಉದ್ದ ನೆರಳು ಚೆಲ್ಲಿದವು. ಮತ್ತೆ 180ಕ್ಕೆ ಹೋದೆ.

ಈಗ ಮೂರು ತಿಂಗಳು. ಜೋಡಣೆ ಕಣ್ಣಿಗೆ ಬಣ್ಣದಲ್ಲಿ ತಿಳಿಯುತ್ತದೆ, ಬೆರಳಿಗೆ ಸಿಗುವುದಿಲ್ಲ.