ಹೆಸರು ಆಮೇಲೆ ಹೇಳಿ, ಮೊದಲು ಮುಖ ನೋಡಲಿ

ಮಕ್ಕಳಿಗೆ ಭಾವಚಿತ್ರ ನೋಡೋದು ಕಲಿಸೋಕೆ ಮೊದಲ ದಿನವೇ ಮ್ಯೂಸಿಯಂಗೆ ಓಡಬೇಕಿಲ್ಲ. ಜೇಬಿನಿಂದ ಒಂದು ನೋಟು ತೆಗೆಯಿರಿ. ಗಾಂಧಿ ಅಂತ ಅವರಿಗೂ ಗೊತ್ತು, ಹಾಗಾಗಿ "ಏನ್ ಮಾಡ್ತಿದ್ದಾರೆ?" ಅಂತ ಕೇಳಿ. ನನ್ನ ಐದು ವರ್ಷದ ಮಗಳು "ನಗ್ತಿದ್ದಾರೆ" ಅಂದಳು. ಹೇಗೆ ಗೊತ್ತಾಯ್ತು ಅಂದೆ. ಬಾಯಿ ತೋರಿಸಲಿಲ್ಲ, ಕೆನ್ನೆ ತೋರಿಸಿದಳು. ಸ್ವಲ್ಪ ಹೊತ್ತು ಬಿಟ್ಟು, "ಯಾರನ್ನೋ ನೋಡಿ ನಗ್ತಿದ್ದಾರೆ, ಅವರು ನೋಟಲ್ಲಿಲ್ಲ" ಅಂದಳು. ನಿಜಕ್ಕೂ ಅದು 1946ರ ಫೋಟೊದಿಂದ ಕತ್ತರಿಸಿ ತೆಗೆದ ಚಿತ್ರ, ಪಕ್ಕದಲ್ಲಿ ಬ್ರಿಟಿಷ್ ಮಂತ್ರಿ ಪೆಥಿಕ್-ಲಾರೆನ್ಸ್ ಇದ್ದರು!

"ಹೇಗೆ ಗೊತ್ತಾಯ್ತು?" ಇದೊಂದು ಪ್ರಶ್ನೆ ಬಿಡಬೇಡಿ. ಉತ್ತರ ತಪ್ಪಾದರೂ ತಿದ್ದಬೇಡಿ.

ನಾವಿರೋದು ವಾಸ್ಕೊದಲ್ಲಿ. ಹಳೇ ಗೋವಾದ ಪುರಾತತ್ವ ಮ್ಯೂಸಿಯಂ (ಶುಕ್ರವಾರ ರಜೆ, ವಿಚಾರಿಸಿ ಹೋಗಿ) ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಪೋರ್ಚುಗೀಸ್ ವೈಸ್‌ರಾಯ್‌ಗಳು, ಗವರ್ನರ್‌ಗಳು ಸಾಲಾಗಿ ನಿಂತಿದ್ದಾರೆ. 1547ರಲ್ಲಿ ಆಗಿನ ಗವರ್ನರ್ ಜೊವಾವ್ ದ ಕಾಸ್ತ್ರೊ ಶುರು ಮಾಡಿಸಿದ ಸಾಲು ಅದು. ಮೊದಲ ಸಲ ಹೋದಾಗ ನಾನು ಜಾಣನ ಥರ ಎಲ್ಲ ಫಲಕಗಳನ್ನೂ ಓದಿ ಹೇಳಿದೆ, ಮೂರನೇ ಗವರ್ನರ್ ಬರೋ ಹೊತ್ತಿಗೆ ಮಗಳು ನೆಲದ ಮೇಲೆ ಕೂತು ನೀರು ಕೇಳ್ತಿದ್ದಳು.

ಎರಡನೇ ಸಲ ಒಂದೇ ಚಿತ್ರ, ಹತ್ತು ನಿಮಿಷ. ಸುಮ್ನೆ ನೋಡೋಕೆ ಬಿಡಿ. ಆಮೇಲೆ ಚಿತ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿ, ನೆನಪಿರೋದನ್ನೆಲ್ಲ ಹೇಳಿಸಿ. ತಿರುಗಿ ನೋಡಿದಾಗ ಬಿಟ್ಟುಹೋಗಿದ್ದು ತಾನೇ ಸಿಗುತ್ತೆ. ಇನ್ನೊಂದು, ಅವನ ಹಾಗೇ ನಿಲ್ಲೋಕೆ ಹೇಳಿ. ಒಂದು ಕೈ ಕತ್ತಿ ಮೇಲೆ, ಎದೆ ಮುಂದೆ. "ಹೀಗೆ ನಿಂತ್ರೆ ಕೈ ನೋಯುತ್ತೆ ಅಪ್ಪಾ, ಇವನು ಪೊಲೀಸ್" ಅಂದಳು. ಕತ್ತಿ, ಬೆಲ್ಟು, ಬಿಗಿದ ಮುಖ, ಅವಳ ಲೆಕ್ಕ ಸರಿನೇ ಇದೆ ಅಲ್ವಾ? ಹೆಸರು ಹೇಳಿದ್ದು ಆಮೇಲೆ. ಅಂದ ಹಾಗೆ, ಅಲ್ಲಿನ ಎಷ್ಟೋ ಚಿತ್ರಗಳ ಮೇಲೆ ನಂತರದವರು ಮತ್ತೆ ಬಣ್ಣ ಬಳಿದಿದ್ದಾರೆ, ಹಾಗಾಗಿ ಮುಖ ನೋಡಿ "ಇವನು ಒಳ್ಳೆಯವನಾ ಕೆಟ್ಟವನಾ" ಅಂತ ಕೇಳೋದು ನನಗೆ ಇಷ್ಟ ಇಲ್ಲ. ಏನು ತೋರಿಸಿಕೊಳ್ಳೋಕೆ ಹೊರಟಿದ್ದ ಅಂತ ಕೇಳಿ.

ಮನೆಗೆ ಬಂದ ಮೇಲೆ ಗೋಡೆ ಮೇಲಿನ ಫೋಟೊ ಹಿಡಿಯಿರಿ. ನಮ್ಮಲ್ಲಿ ಅವ್ವನ ಮದುವೆ ಫೋಟೊ ಇದೆ. "ಅಜ್ಜಿ ಯಾಕೆ ಕುರ್ಚಿ ತುದಿಯಲ್ಲಿ ಕೂತಿದ್ದಾಳೆ?" ಅಂದಳು ಮಗಳು. ಹುಬ್ಬಳ್ಳಿಗೆ ಫೋನ್ ಮಾಡಿ ಕೇಳಿದೆ. "ಸ್ಟುಡಿಯೋದಾಗ ಆ ಕುರ್ಚಿದು ಒಂದ್ ಕಾಲ್ ಮುರದಿತ್ತೋ ತಮ್ಮಾ" ಅಂದಳು ಅವ್ವ.