ಶಿವರಾತ್ರಿಯಿಂದ ಯುಗಾದಿವರೆಗೆ: ಊರ ಕೆರೆಯಲ್ಲಿ ಹಕ್ಕಿ ನೋಡುವುದು ಹೇಗೆ?

ಶಿವರಾತ್ರಿ ಕಳೆದರೆ ಚಳಿ 'ಶಿವ ಶಿವಾ' ಅಂತ ಹೊರಟುಬಿಡುತ್ತದೆ ಎನ್ನುತ್ತಾರೆ. ಆಗ ಹೊರಡುವುದು ಚಳಿ ಮಾತ್ರ ಅಲ್ಲ. ಉತ್ತರದಿಂದ ಬಂದು ನಮ್ಮ ಕೆರೆಗಳಲ್ಲಿ ಮೂರ್ನಾಲ್ಕು ತಿಂಗಳು ಉಂಡು ಮಲಗಿದ್ದ ಬಾತುಗಳು, ಗೊರವಗಳು, ಸಿಪಿಲೆಗಳೂ ಗಂಟು ಕಟ್ಟುತ್ತವೆ. ಅದೇ ದಿನಗಳಲ್ಲಿ, ಅದೇ ಕೆರೆಯಲ್ಲಿ, ಹೆಜ್ಜಾರ್ಲೆಗಳು (ಪೆಲಿಕನ್) ಕಡ್ಡಿ ಕಚ್ಚಿಕೊಂಡು ಗೂಡಿನ ಕಡೆ ಹಾರುತ್ತಿರುತ್ತವೆ. ಹೊರಟವರನ್ನೂ ಮನೆ ಕಟ್ಟುವವರನ್ನೂ ಒಟ್ಟಿಗೆ ನೋಡಲು ಸಿಗುವುದು ಯುಗಾದಿವರೆಗಿನ ಈ ಒಂದು ತಿಂಗಳಲ್ಲೇ. ಹಕ್ಕಿ ನೋಡುವುದನ್ನು ಕಲಿಯಬೇಕು ಎಂದಿದ್ದರೆ ಈಗಲೇ ಶುರು ಮಾಡಿ. ನೀರು ಇಳಿದಿರುತ್ತದೆ, ಎಷ್ಟೋ ಮರಗಳು ಎಲೆ ಉದುರಿಸಿರುತ್ತವೆ, ಹಕ್ಕಿಗಳಿಗೆ ಅವಿತುಕೊಳ್ಳಲು ಜಾಗ ಕಡಿಮೆ.

ಒಂದೇ ಕೆರೆ ಹಿಡಿಯಿರಿ

ದೂರದ ಪಕ್ಷಿಧಾಮಕ್ಕೆ ವರ್ಷಕ್ಕೊಮ್ಮೆ ಹೋಗಿ ಬರುವುದಕ್ಕಿಂತ ಮನೆ ಹತ್ತಿರದ ಕೆರೆಗೆ ವಾರವಾರ ಹೋಗುವುದು ಮೇಲು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ರಂಗನತಿಟ್ಟು ಖಂಡಿತ ನೋಡಲೇಬೇಕಾದ ಜಾಗ. 1940ರಿಂದ ಪಕ್ಷಿಧಾಮ, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ಹೋದ ವಾರ ಅಲ್ಲಿ ಏನಿತ್ತು, ಈ ವಾರ ಏನಿಲ್ಲ ಎನ್ನುವುದು ಒಂದು ದಿನದ ಪ್ರವಾಸದಲ್ಲಿ ತಿಳಿಯುವುದಿಲ್ಲ. ಅದು ತಿಳಿಯದಿದ್ದರೆ ಈ ತಿಂಗಳ ಸೊಗಸೇ ಕೈತಪ್ಪಿದ ಹಾಗೆ.

ನನಗೆ ಹತ್ತಿರದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಲಗದ್ದೆಗೆ ನೀರು ಕೊಡಲು ಕಟ್ಟಿಸಿದ್ದು. ಈಗ ಒಂದು ಪಕ್ಕ ವಿಶ್ವವಿದ್ಯಾಲಯ, ಸುತ್ತ ಊರು. ಆದರೂ ಬೆಳಿಗ್ಗೆ ಆರೂವರೆಗೆ ಹೋದರೆ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಎಲ್ಲ ಕಾಣುತ್ತವೆ. ನಿಮ್ಮದು ಬೆಂಗಳೂರಾದರೆ ಜಕ್ಕೂರು ಕೆರೆ, ಧಾರವಾಡವಾದರೆ ಕೆಲಗೇರಿ ಕೆರೆ, ಚನ್ನಗಿರಿ ಕಡೆಯವರಾದರೆ ಸೂಳೆಕೆರೆ. ಹೆಸರಿಲ್ಲದ ಹಳ್ಳಿ ಕೆರೆಯೂ ಆಗುತ್ತದೆ. ಇಪ್ಪತ್ತು ನಿಮಿಷದಲ್ಲಿ ತಲುಪುವಂತಿರಬೇಕು, ಅಷ್ಟೆ.

ಹಕ್ಕಿಗೆ ಮುಂಚೆ ಕೆರೆ ನೋಡಿ

ಹೊಸಬರು ಕೆರೆಗೆ ಹೋದ ತಕ್ಷಣ ನೀರಿನ ನಡುವೆ ಕಣ್ಣು ಹಾಕುತ್ತಾರೆ. ಹಾಗೆ ಮಾಡಬೇಡಿ. ಮೊದಲ ದಿನ ಕೆರೆಯ ಸುತ್ತ ಒಂದು ಸುತ್ತು ಬನ್ನಿ. ನಮ್ಮ ಹಿರಿಯರು ಕೆರೆಯ ಒಂದೊಂದು ಭಾಗಕ್ಕೂ ಹೆಸರಿಟ್ಟಿದ್ದಾರಲ್ಲ, ಆ ಹೆಸರುಗಳೇ ಹಕ್ಕಿ ನೋಡುವವರಿಗೆ ನಕ್ಷೆ.

ಏರಿಯ ಪಕ್ಕ ನೀರು ಆಳ. ಅಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಗುಳುಮುಳುಕ. ಏರಿಗೆ ಎದುರು, ಹಳ್ಳ ಬಂದು ಸೇರುವ ಕಡೆ, ಕೆರೆ ಅಂಗಳ ತೆಳ್ಳಗೆ ಹರಡಿರುತ್ತದೆ. ಈ ತಿಂಗಳಲ್ಲಿ ಜೀವ ಇರುವುದೆಲ್ಲ ಅಲ್ಲೇ. ವಾರವಾರ ನೀರು ಹಿಂದೆ ಸರಿದು ಹಸಿ ಕೆಸರು ಹೊರಬೀಳುತ್ತದೆ. ಕೆಸರಿನಲ್ಲಿ ಹುಳು, ಬಸವನಹುಳು. ಅದಕ್ಕಾಗಿ ಗೊರವಗಳು, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು, ಬಾಗಿದ ಕೊಕ್ಕಿನ ಕೆಂಬರಲುಗಳು ಸಾಲಾಗಿ ನೀರಿನ ಅಂಚು ಹಿಡಿದು ನಡೆಯುತ್ತವೆ. ಜೊಂಡು ಇದ್ದಲ್ಲಿ ಜಂಬುಕೋಳಿ ಮತ್ತು ಹಣೆಯ ಮೇಲೆ ಬಿಳಿ ನಾಮ ಎಳೆದುಕೊಂಡ ನಾಮದ ಕೋಳಿ. ತೂಬು, ಕೋಡಿಯ ಹತ್ತಿರ ಮಿಂಚುಳ್ಳಿ. ನೀರಿಗೆ ಬಾಗಿದ ಒಣಮರದ ತುದಿಯನ್ನು ಮಾತ್ರ ಯಾವತ್ತೂ ನೋಡದೆ ಬಿಡಬೇಡಿ.

ನಿಲ್ಲುವ ಜಾಗಕ್ಕೆ ಒಂದೇ ನಿಯಮ: ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಿಗ್ಗೆ ಕೆರೆಯ ಪೂರ್ವ ದಡದಲ್ಲಿ, ಸಂಜೆ ಪಶ್ಚಿಮ ದಡದಲ್ಲಿ ನಿಲ್ಲಿ. ಸೂರ್ಯನಿಗೆ ಎದುರಾಗಿ ನಿಂತರೆ ಎಲ್ಲ ಹಕ್ಕಿಯೂ ಕಪ್ಪು ಹಕ್ಕಿಯೇ.

ಬೈನಾಕ್ಯುಲರ್ ಸರಿಮಾಡಿಕೊಳ್ಳುವುದು

ಬೇಕೇ ಬೇಕು ಅಂತಿಲ್ಲ. ಮೊದಲ ಎರಡು ವಾರ ಬರಿಗಣ್ಣಲ್ಲೇ ನೋಡಿ, ಆಮೇಲೆ ಯಾರದ್ದಾದರೂ ಕೇಳಿ ತನ್ನಿ. ಕೊಳ್ಳುವುದಾದರೆ 8x42 ಎಂದು ಬರೆದಿರುವುದನ್ನು ಕೊಳ್ಳಿ. 8 ಎಂದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ ಎಂದು, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಇದಕ್ಕಿಂತ ಜಾಸ್ತಿ ಪಟ್ಟಿನದ್ದು ಕೈಯಲ್ಲಿ ಅಲ್ಲಾಡುತ್ತದೆ.

ತುಂಬ ಜನ ಒಂದು ಕೆಲಸ ಮಾಡದೆ ಬಿಟ್ಟು 'ಏನೂ ಸ್ಪಷ್ಟ ಕಾಣಲ್ಲ' ಎನ್ನುತ್ತಾರೆ. ಎರಡು ಕೊಳವೆಗಳನ್ನು ಮಡಿಸಿ, ಬಿಡಿಸಿ, ಎರಡು ಕಣ್ಣಿಗೂ ಸೇರಿ ಒಂದೇ ದುಂಡು ಚಿತ್ರ ಕಾಣುವಂತೆ ಮಾಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಒಂದು ಬೋರ್ಡಿನ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಬಲಗಣ್ಣಿನ ಹತ್ತಿರ ಇರುವ ಬಳೆಯಂಥ ಸುತ್ತನ್ನು ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಅದು ನಿಮ್ಮ ಕಣ್ಣಿನ ಅಳತೆ. ಇನ್ನು ಮುಂದೆ ನಡುವಿನ ಚಕ್ರ ಒಂದೇ ಸಾಕು. ಕನ್ನಡಕ ಹಾಕುವವರು ಕಣ್ಣಿಗೆ ತಾಗುವ ರಬ್ಬರನ್ನು ಒಳಕ್ಕೆ ತಿರುಗಿಸಿಕೊಳ್ಳಿ.

ಹಕ್ಕಿ ಕಂಡಾಗ ಕಣ್ಣನ್ನು ಅದರ ಮೇಲಿಂದ ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕೆಳಗೆ ನೋಡಿ, ಎತ್ತಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಕೂತು ನೋಡಿ

ಒಂದು ಜಾಗದಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಮಣ್ಣಿನ ಬಣ್ಣದ ಬಟ್ಟೆ, ಸದ್ದಿಲ್ಲದ ಫೋನು. ಮೊದಲ ಐದು ನಿಮಿಷ ಏನೂ ಇಲ್ಲ ಅನ್ನಿಸುತ್ತದೆ. ಹತ್ತನೇ ನಿಮಿಷಕ್ಕೆ ನೀವು ಕಲ್ಲು ಎಂದುಕೊಂಡಿದ್ದು ಕತ್ತು ಉದ್ದ ಮಾಡುತ್ತದೆ. ಅದು ಕೊಳದ ಬಕ.

ಹೆಸರು ಹುಡುಕುವ ಆತುರ ಬೇಡ. ಮೊದಲು ಗಾತ್ರ: ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ, ಹದ್ದಿನಷ್ಟೋ? ಆಮೇಲೆ ಕೊಕ್ಕು, ಕಾಲು. ಕೊನೆಗೆ, ಅದು ಮಾಡುತ್ತಿರುವ ಕೆಲಸ. ಕೆಲಸ ನೋಡಿದರೆ ಹೆಸರು ತಾನಾಗಿ ಬರುತ್ತದೆ. ಸೂಜಿಬಾಲದ ಬಾತು ಬಾಲ ಮೇಲೆ, ತಲೆ ಕೆಳಗೆ ಮಾಡಿ ಮೇಯುತ್ತದೆ. ಸಲಿಕೆಯಂಥ ಕೊಕ್ಕಿನ ಬಾತುಗಳು ನೀರಿಗೆ ಕೊಕ್ಕು ಹಚ್ಚಿ ಗುಂಪಾಗಿ ಗಿರಗಿರ ಸುತ್ತುತ್ತವೆ. ಬಾಲ ಕುಣಿಸುತ್ತ ಕೆಸರಲ್ಲಿ ಓಡುವುದು ಸಿಪಿಲೆ.

ಹಾವಕ್ಕಿಯನ್ನಂತೂ ಒಮ್ಮೆ ಪೂರ್ತಿ ನೋಡಿ. ಮೈಯೆಲ್ಲ ನೀರೊಳಗೆ, ಹಾವಿನಂಥ ಕತ್ತು ಮಾತ್ರ ಮೇಲೆ. ಹೋದ ಭಾನುವಾರ ಒಂದು ಹೀಗೇ ಈಜುತ್ತ ಬಂದು ಮುಳುಗಿತು. ನಾನು ಎಣಿಸುತ್ತ ಕೂತೆ. ನಲವತ್ತರ ಹೊತ್ತಿಗೆ ಎದ್ದಾಗ ಮೀನು ಕೊಕ್ಕಿನಲ್ಲಿ ಕಚ್ಚಿದಂತಿರಲಿಲ್ಲ, ಭರ್ಚಿಗೆ ಚುಚ್ಚಿದಂತಿತ್ತು. ತಲೆ ಕೊಡವಿ ಮೀನನ್ನು ಮೇಲೆ ಚಿಮ್ಮಿಸಿ, ತಲೆ ಕಡೆಯಿಂದ ಹಿಡಿದು ನುಂಗಿತು. ತೆಳ್ಳನೆ ಕತ್ತಿನಲ್ಲಿ ಗಂಟು ನಿಧಾನ ಇಳಿಯುವುದು ದಡದವರೆಗೂ ಕಾಣುತ್ತಿತ್ತು. ಆಮೇಲೆ ಒಣಕೊಂಬೆ ಹತ್ತಿ ರೆಕ್ಕೆ ಹರಡಿ ಕೂತಿತು. ಅದರ ಗರಿಗಳು ನೀರು ಕುಡಿಯುತ್ತವೆ. ಅದರಿಂದಲೇ ಸಲೀಸಾಗಿ ಮುಳುಗುತ್ತದೆ, ಅದರಿಂದಲೇ ಹೀಗೆ ಒಣಗಿಸಿಕೊಳ್ಳಲೂ ಬೇಕು.

ಹೊರಡುವವರ ಗುರುತು

ಡಿಸೆಂಬರಿನಲ್ಲಿ ಮಾಸಲಾಗಿದ್ದ ಹಳದಿ ಸಿಪಿಲೆ ಮಾರ್ಚಿಗೆ ಹೊಟ್ಟೆಯೆಲ್ಲ ಅರಿಶಿನ ಮೆತ್ತಿಕೊಂಡಂತೆ ಆಗುತ್ತದೆ. ಹೊರಡುವ ಮುನ್ನ ಗರಿ ಬದಲಿಸಿ ಮದುವೆ ಬಟ್ಟೆ ಹಾಕಿಕೊಳ್ಳುವುದು ಇದು. ಕವಲುತೋಕೆಗಳು ಕರೆಂಟ್ ತಂತಿಯ ಮೇಲೆ ಒತ್ತೊತ್ತಾಗಿ ಸೇರುತ್ತವೆ. ಬೂರುಗದ ಮರ ಕೆಂಪಾಗಿ ಹೂಬಿಟ್ಟಿದ್ದರೆ ಅದರ ಕೆಳಗೆ ಐದು ನಿಮಿಷ ನಿಲ್ಲಿ. ತಲೆ ಕಪ್ಪು, ಮೈ ಗುಲಾಬಿ ಬಣ್ಣದ ಕಬ್ಬಕ್ಕಿಗಳ ಹಿಂಡು ಮಕರಂದಕ್ಕೆ ಜಗಳ ಆಡುತ್ತಿರುತ್ತದೆ. ಅವೂ ಚಳಿಗಾಲದ ನೆಂಟರೇ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಲು ಸಾಧ್ಯವಿದ್ದವರು ಫೆಬ್ರುವರಿಯಲ್ಲೇ ಹೋಗಿಬಿಡಿ. ಅಲ್ಲಿಯ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯವು. ಹಿಮಾಲಯ ದಾಟುವಾಗ 7 ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ತಪ್ಪಿಹೋಗುವ ಗುರುತೇ ಅಲ್ಲ. ಸುತ್ತಲ ಹೊಲದಲ್ಲಿ ಮೇಯುತ್ತವೆ, ಬಿಸಿಲೇರಿದ ಮೇಲೆ ಕೆರೆಗೆ ಬಂದು ನೀರಿನಲ್ಲಿ ವಿಶ್ರಾಂತಿ. ಬೆಳೆಗೆ ಬಾಯಿ ಹಾಕಿದರೂ ಸಹಿಸಿಕೊಂಡಿರುವ ಅಲ್ಲಿನ ರೈತರನ್ನೂ ನೆನೆಯಬೇಕು. ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು.

ಮನೆ ಕಟ್ಟುವವರನ್ನು ಕಾಣಬೇಕಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಊರ ನಡುವಿನ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು, ಕೆಳಗೆ ಜನ, ದನ, ಮಕ್ಕಳ ಆಟ.

ಬಿಸಿಲೇರಿದ ಮೇಲೆ

ಒಂಬತ್ತು ಗಂಟೆಗೆ ಹಕ್ಕಿಗಳ ಓಡಾಟ ತಗ್ಗುತ್ತದೆ. ಎದ್ದು ಮನೆಗೆ ಬರಬೇಡಿ. ಉಡ ಮೈ ಕಾಯಿಸಲು ಕಲ್ಲಿನ ಮೇಲೆ ಬರುವ ಹೊತ್ತು ಅದು. ನೀರಲ್ಲಿ ಬಿದ್ದ ದಿಮ್ಮಿಯ ಮೇಲೆ ಆಮೆ, ಏರಿಯ ಕಲ್ಲುಸಂದಿಯಲ್ಲಿ ನೀರೊಳ್ಳೆ ಹಾವು. ಅದಕ್ಕೆ ವಿಷವಿಲ್ಲ, ಹೊಡೆಯಬೇಡಿ. ಒದ್ದೆ ಕೆಸರಿನ ಮೇಲೆ ರಾತ್ರಿ ಯಾರು ಬಂದು ಹೋದರು ಎಂದು ಹೆಜ್ಜೆ ನೋಡಿ. ಮುಂಗುಸಿಯದು ಚಿಕ್ಕದು, ಉಗುರಿನ ಗುರುತು ಇರುತ್ತದೆ. ಮಕ್ಕಳನ್ನು ಕರೆದೊಯ್ದರೆ ಅವರಿಗೆ ಹಕ್ಕಿಗಿಂತ ಇದೇ ಹೆಚ್ಚು ಇಷ್ಟ.

ದೂರ ಇರಬೇಕಾದಲ್ಲಿ ದೂರ ಇರಿ

ಕೆಲವು ವರ್ಷಗಳ ಹಿಂದೆ ಒಣಗಿದ ಕೆರೆ ಅಂಗಳದಲ್ಲಿ ನಡೆಯುತ್ತಿದ್ದೆ. ಒಂದು ಟಿಟ್ಟಿಭ ತಲೆ ಮೇಲೆ ಸುತ್ತುತ್ತ ಕಿರುಚತೊಡಗಿತು. ಫೋಟೊ ತೆಗೆಯಲು ಇನ್ನೂ ಎರಡು ಹೆಜ್ಜೆ ಮುಂದೆ ಹೋದೆ. ಬಗ್ಗಿ ನೋಡಿದರೆ ಕಾಲಿನಿಂದ ಒಂದು ಗೇಣು ದೂರದಲ್ಲಿ ನಾಲ್ಕು ಮೊಟ್ಟೆ, ಥೇಟ್ ಬೆಣಚುಕಲ್ಲಿನ ಹಾಗೆ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆ. ಆ ಎದೆಬಡಿತ ಇನ್ನೂ ನೆನಪಿದೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ನೆಲದ ಮೇಲೇ ಮೊಟ್ಟೆ ಇಡುತ್ತದೆ, ಅದೂ ಮಾರ್ಚಿನಿಂದ ಶುರು. ಹಕ್ಕಿ ನಿಮ್ಮ ಮೇಲೆ ಕೂಗಿದರೆ ಅಲ್ಲೇ ನಿಲ್ಲಿ, ನೆಲ ನೋಡಿ, ವಾಪಸ್ ಹೋಗಿ.

ಗೂಡಿನ ಹತ್ತಿರ ಹೋಗಬೇಡಿ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯಬೇಡಿ, ಗೂಡು ಕಟ್ಟುವ ಕಾಲದಲ್ಲಂತೂ ಬೇಡವೇ ಬೇಡ. ಮಲಗಿರುವ ಬಾತುಗಳನ್ನು ಹಾರಿಸಲು ಚಪ್ಪಾಳೆ ತಟ್ಟುವವರನ್ನು ಕಂಡರೆ ಮೆತ್ತಗೆ ಹೇಳಿ: ಅವು ದೂರ ಹೋಗಬೇಕು, ತಿಂದು ಮೈಗೂಡಿಸಿಕೊಂಡದ್ದನ್ನು ಇಲ್ಲೇ ಕರಗಿಸುವುದು ಸರಿಯಾ? ಬ್ರೆಡ್ಡು, ಮಂಡಕ್ಕಿ ಎಸೆಯುವುದೂ ಬೇಡ.

ಬರೆದಿಡಿ

ಒಂದು ಸಣ್ಣ ಪುಸ್ತಕ ಸಾಕು. ತಾರೀಖು, ಹೊತ್ತು, ನೀರು ಎಲ್ಲಿವರೆಗಿದೆ, ಕಂಡ ಹಕ್ಕಿ, ಎಷ್ಟು. ಹೆಸರು ಗೊತ್ತಿಲ್ಲದಿದ್ದರೆ ಕೊಕ್ಕಿನ ಚಿತ್ರ ಬರೆದುಕೊಳ್ಳಿ. ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ (eBird) ಆ್ಯಪಿನಲ್ಲಿ ಹಾಕಿದರೆ ನಿಮ್ಮ ಕೆರೆಯ ಲೆಕ್ಕ ಎಲ್ಲರಿಗೂ ಸಿಗುತ್ತದೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಸೇರಿಕೊಂಡಿದೆ. ಹದಿನೈದು ನಿಮಿಷ ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ.

ಮಾರ್ಚ್ ಬಂದ ಮೇಲೆ ಪ್ರತಿ ವಾರ ಒಂದು ಸಾಲು ಜಾಸ್ತಿ ಬರೆಯಿರಿ: ಸೂಜಿಬಾಲದ ಬಾತು ಇದೆಯೋ ಇಲ್ಲವೋ. ಒಂದು ಭಾನುವಾರ ಐವತ್ತು ಇರುತ್ತವೆ, ಮುಂದಿನ ಭಾನುವಾರ ಆರು, ಅದರ ಮುಂದಿನ ಭಾನುವಾರ ಬರೀ ನೀರು. ಕೊನೆಯದಾಗಿ ಕಂಡ ತಾರೀಖಿನ ಕೆಳಗೆ ಗೆರೆ ಎಳೆಯಿರಿ. ಅಕ್ಟೋಬರ್ ಬಂದಾಗ ಅದೇ ಪುಟ ತೆಗೆದುಕೊಂಡು, ಅದೇ ಕಲ್ಲಿನ ಮೇಲೆ ಹೋಗಿ ಕೂರಿ.